ಗುರುತಿನವರು

ಸಾಣಾಪುರದ ತಿರುವಿನಾಗ ಆಟೋ ನಿಂತು
ಇಳಿದಾಕಿ ಮೊದಲು ನೋಡಿದ್ದು ನನ್ನಲ್ಲ,
ನನ್ನ ಹಿಂದಿನ ಗುಡ್ಡದ ಗುಂಡು.
ಅದು ಇನ್ನೂ ಬಿದ್ದಿಲ್ಲೇನು ಗಾಳೆಮ್ಮಾ, ಅಂದ್ಲು.
ಒಂಬತ್ತು ವರ್ಷದ ಮ್ಯಾಲೆ ಆಡಿದ ಮೊದಲ ಮಾತು.
ಕನ್ನಡ ತುಕ್ಕು ಹಿಡಿದಿತ್ತು, ಆದ್ರ ಕೀಲಿ ತೆರೀತು.

ಲಾಟ್ವಿಯಾದಾಕಿ, ಇಲ್ಜೆ. ನಮ್ಮ ಓಣ್ಯಾಗ ಇಲ್ಜವ್ವ.
ಆರು ತಿಂಗಳಿಗಂತ ಬಂದು
ಎರಡು ವರ್ಷದ ಮ್ಯಾಲೊಂದು ಸುಗ್ಗಿ ಇದ್ದಾಕಿ.
ಯಾಕ ಉಳದಿ ಅಂತ ಗಂಗಾವತಿ ಸ್ಟೇಷನ್ನಿನಾಗ ಕೇಳಿದ್ರ
ಕಾಲುವಿಗೆ ನೀರು ಬಿಡಲಿ, ನಾಟಿ ನೋಡಿ ಹೋಗೂಣು ಅಂತಿದ್ದೆ, ಅಂದಿದ್ಲು.
ನಾಟಿ ಆತು. ಕೊಯ್ಲು ಆತು. ಮತ್ತ ನಾಟಿ.
ದಫೇದಾರ ನಕ್ಕಿದ್ದ. ನಕ್ಕೋತನೇ ಕಾಗದ ಬರೆದಿದ್ದ.
ದಂಡಕ್ಕ ಅಕಿ ಕ್ಯಾಮೆರಾ ಮಾರಿದ್ಲು,
ಕಡಿಮಿ ಬಿದ್ದದ್ದಕ್ಕ ನನ್ನ ಬೆಂಡೋಲಿ.
ಆ ಮಾತು ಇವತ್ತಿಗೂ ಇಬ್ರೂ ಎತ್ತಂಗಿಲ್ಲ.

ಈಗ ಮೂವತ್ತು ದಿನದ ಕಾಗದ.
ಹೋಗೋ ಟಿಕೇಟು ಚೀಲದಾಗ ಮ್ಯಾಲೇ ಇಟ್ಟಾಳ,
ಯಾರೂ ಕೇಳದಿದ್ರೂ ತಗದು ತೋರಸ್ತಾಳ:
ಆಟೋದಾಂವಗ, ಮಂಡಕ್ಕಿ ಅಂಗಡ್ಯಾಂವಗ, ನನಗ.

ರಾತ್ರಿ ಖಾಜಾಸಾಬನ ಮಗಳು ಫೋನಿನಾಗ ಫಾರ್ಮು ತುಂಬಿದ್ಲು.
ಒಂದು ದಿನದಾಗ ಕಳಿಸಬೇಕು, ಇಲ್ಲಾಂದ್ರ ತಪ್ಪು ನನ್ನ ಮ್ಯಾಲೆ.
ಹೆಸರು. ತಂದಿ ಹೆಸರು. ಬಂದ ಉದ್ದೇಶ.
ಏನಂತ ಬರೀಲಿ, ಅಂದ್ಲು ಹುಡುಗಿ,
ಪ್ರವಾಸ ಅಂತ ಒಂದೈತಿ, ಇತರೆ ಅಂತ ಒಂದೈತಿ.
ಇಲ್ಜವ್ವ ಉಳ್ಳಾಗಡ್ಡಿ ಹೆಚ್ಚೋದು ನಿಲ್ಲಿಸಿ
ಪ್ರವಾಸ, ಅಂದ್ಲು.
ಪ್ರವಾಸ. ಎರಡು ಸರ್ತಿ.

ಆಮ್ಯಾಲೆ ತನ್ನ ವೀಸಾದ ಹಾಳಿ ಬಿಚ್ಚಿದ್ಲು.
ಈ ದೇಶದಾಗ ಗುರುತಿನವರು: ಗಾಳೆಮ್ಮ.
ವಿಳಾಸ: ಹೊಳಿ ಗಡ್ಡಿ, ಹುಣಸಿ ಗಿಡದ ಹತ್ರ.
ಹುಡುಗಿ ಓದಿ ನನ್ನ ಮಾರಿ ನೋಡಿದ್ಲು.
ಆ ಗುಡಿಸಲ ಮ್ಯಾಲೆ ಜೆಸಿಬಿ ಹಾದು ಎಷ್ಟೋ ವರ್ಷ ಆತು.
ಅದಕ್ಕೂ ಮುದ್ದತು ಮುಗಿದಿತ್ತಂತ;
ಮುಗಿದೈತಿ ಅಂತ ಹೇಳಿದ್ದು ಜೆಸಿಬಿನೇ.
ಸರಕಾರ ಕೆಡವಿದ ಮನಿಗೆ
ಸರಕಾರನೇ ಅಕಿನ್ನ ಕಳಿಸಿಕೊಟ್ಟಿತ್ತು,
ಸಿಕ್ಕಾ ಹೊಡದು.

ಮರುದಿನ ಒಣ ಕಾಲುವಿ ದಂಡಿ ಹಿಡದು ನಡಕೊಂಡು ಹೋದ್ವಿ.
ಅಲ್ಲಿ ಸಿಮೆಂಟಿನ ನೆಲ ಐತಿ. ಬಚ್ಚಲದ ತೂತು ಐತಿ.
ಅಕಿ ನೆಟ್ಟ ನುಗ್ಗಿ, ಬುಡಕ್ಕ ಕಡಿಸಿಕೊಂಡದ್ದು,
ಮಗ್ಗಲಿಂದ ಮೂರು ಟಿಸಿಲು ಒಡದಿತ್ತು,
ಯಾರನ್ನ ಕೇಳಿ ಒಡದಿತ್ತೋ.

ಕಾವಲಿನ ಹುಡುಗ ಸೀಟಿ ಊದಿದ.
ಹೊಸಬ, ಸಿಂಧನೂರ ಕಡಿಯಾಂವ.
ಯಾರ್ರೀ ನೀವು? ಇಲ್ಲಿ ಕುಂದ್ರಂಗಿಲ್ಲ.
ಹದಿನೆಂಟು ವರ್ಷ ಈ ನೆಲ ಸಾರಿಸಿದಾಕಿ ನಾನು,
ಅಂತ ನಾಲಿಗಿ ತುದಿಗೆ ಬಂತು. ಅಷ್ಟರಾಗ ಇಲ್ಜವ್ವ
ಟಿಕೇಟು ತಗದು ಅಂವಗೂ ತೋರಿಸಿ
ನೋಡಾಕ ಬಂದೀವ್ರಿ, ಅಂದ್ಲು. ಹೋಗ್ತೀವಿ.

ಬಂದೀವಿ. ಹೋಗ್ತೀವಿ.
ಆ 'ವಿ' ಒಳಗ ನಾನೂ ಇದ್ದೆ.

ಉಡಿಯಾಗ ಒಂದು ಹಿಡಿ ನುಗ್ಗಿಸೊಪ್ಪು ತಂದ್ವಿ.
ರಾತ್ರಿ ಕ್ಯಾಲೆಂಡರಿನಾಗ ಒಂದು ದಿನ ಹೊಡದು ಹಾಕಿ
ಪೆನ್ಸಿಲು ಗೂಟಕ್ಕ ಸಿಗಿಸಿ ಕೇಳಿದ್ಲು,
ಈ ಸಲ ಕಾಲುವಿಗೆ ನೀರು ಯಾವಾಗ ಬಿಡ್ತಾರ?
ನಾ ರೊಟ್ಟಿ ಬಡೀತಿದ್ದೆ.
ತಾರೀಖು ಗೊತ್ತಿತ್ತು ನನಗ.
ಹೇಳಲಿಲ್ಲ.