ನಲವತ್ತೊಂದನೆಯದು

ತೂತು ನೋಡಬೇಡ, ನೂಲು ನೋಡು,
ಎಂದಿದ್ದಳು ದೊಡ್ಡಮ್ಮ ಯೋನ್.
ಇಲಿಯ ಬಿಲ, ಏಡಿಯ ಬಿಲ, ಹಾವು ಬಿಟ್ಟುಹೋದ ಬಿಲ
ಎಲ್ಲಕ್ಕೂ ಬಾಯಿ ಒಂದೇ ಥರ;
ಆಪಿಂಗ್ ಜೇಡ ಮಾತ್ರ ಹೊಸಿಲಿಗೆ ನೂಲು ಹಾಸುತ್ತದೆ,
ಬೆಳಗಿನ ಇಬ್ಬನಿ ಅದರ ಗುಟ್ಟು ಬಿಟ್ಟುಕೊಡುತ್ತದೆ.

ಸ್ಕೂನ್ ಪೇಟೆಯಿಂದ ಬಡಗಣಕ್ಕೆ ಎರಡು ತಾಸು,
ಕಾಡಿದ್ದಲ್ಲಿ ಈಗ ಗೇರುತೋಟ.
ಕಾವಲಿನವನು ಏಳುವ ಮುಂಚೆ ಒಳಹೊಕ್ಕು
ಬಳ್ಳಿಯ ತುದಿಯಿಂದ ಬಾಗಿಲು ತಟ್ಟಿದರೆ
ಊಟ ಬಂತೆಂದು ಓಡಿ ಬರುತ್ತದೆ, ಪಾಪ,
ಕಪ್ಪಗೆ, ನನ್ನ ಅಂಗೈಯಷ್ಟು.
ಬೆನ್ನಿಗೆ ಹೆಬ್ಬೆರಳು, ಹೊಟ್ಟೆಗೆ ತೋರುಬೆರಳು,
ಚಟ್, ಚಟ್,
ಎರಡು ವಿಷದ ಹಲ್ಲು ಮುರಿದು ಬಕೆಟ್ಟಿಗೆ.
ಒಮ್ಮೆ ತಪ್ಪಿದ್ದೆ. ಕೈ ಬಾಳೆಮೂತಿಯಂತೆ ಊದಿ
ಮೂರು ದಿನ ಚಮಚ ಹಿಡಿದು ಉಣಿಸಿದವನು ಮಗ ಸೇಲಾ.

ಇವತ್ತು ನಲವತ್ತು.
ಕೊನೆಯ ಬಿಲದ ಬಾಯಿಗೆ ಒಳಗಿನಿಂದಲೇ ಮಣ್ಣಿನ ಬಿರಡೆ.
ಅಗೆದೆ, ಮೊಣಕೈ ಆಳ.
ಸಿಕ್ಕಿತು: ಎಂಟು ಕಾಲು, ಎರಡು ಹಲ್ಲು, ಮೈತುಂಬ ಕೂದಲು,
ತೂಕ ಮಾತ್ರ ಇಲ್ಲ.
ಉಸಿರು ಬಿಟ್ಟರೆ ಅಂಗೈ ಮೇಲೆ ಅಲುಗಿತು.
ಕಳಚಿದ ತನ್ನನ್ನು ಮೂಲೆಗೆ ಸರಿಸಿ
ಇನ್ನೂ ಕೆಳಗೆ ಕೂತಿದ್ದಳು ಒಡತಿ,
ಹಸಿ ಮೈ, ಕಾಲು ಬೆಂದ ಸೇವಿಗೆ,
ಹಲ್ಲು ಹಾಲುಹಲ್ಲಿನಷ್ಟು ಬೆಳ್ಳಗೆ.

ಮಣ್ಣು ಮುಚ್ಚಿದೆ.
ದಯೆಯಲ್ಲ. ಮೆತ್ತನೆಯದು ಬಕೆಟ್ಟಿನಲ್ಲಿ ಒಡೆಯುತ್ತದೆ,
ಒಡೆದದ್ದಕ್ಕೆ ಕಾಸಿಲ್ಲ.

ಪೇಟೆಯಲ್ಲಿ ಛ್ರೆಪ್ ಚಿಕ್ಕಮ್ಮ ಎಣಿಸುತ್ತಾಳೆ, ಬೆರಳಿಗೇ ಕಣ್ಣು:
ಮೂವತ್ತೊಂಬತ್ತು, ನಲವತ್ತು, ನಲವತ್ತೊಂ—
ನಿಂತಳು. ಎತ್ತಿ ಬಿಸಿಲಿಗೆ ಹಿಡಿದಳು.
ಬೆಳಕು ಆಚೆಗೆ ಹಾದುಹೋಯಿತು.
ನಾನು ಬಸ್ಸಿನ ಕಡೆ ನೋಡುತ್ತಿದ್ದೆ.
ಇದಕ್ಕೆಷ್ಟೇ, ನಿನ್ನ ಲೆಕ್ಕದಲ್ಲಿ?
ಉಳಿದವಕ್ಕೆಷ್ಟೋ ಅಷ್ಟು.
ನಕ್ಕಳು, ಮುಂದಿನೆರಡು ಹಲ್ಲಿಲ್ಲದ ಬಾಯಿ.
ನಲವತ್ತಕ್ಕೇ ದುಡ್ಡು ಎಣಿಸಿ
ಬೆಳ್ಳುಳ್ಳಿಯಲ್ಲಿ ಹುರಿದ ರಾಶಿಯ ನೆತ್ತಿಗೆ
ಅದನ್ನು ಏರಿಸಿದಳು.

ಬಸ್ಸು ನಿಂತರೆ ಎಲ್ಲರ ಬೆರಳೂ ಅತ್ತಲೇ:
ಅದು ಕೊಡು, ಆ ಮೇಲಿನದು.
ಅದೊಂದು ಬಿಟ್ಟು ಕೇಳಿ, ಅನ್ನುತ್ತಾಳೆ
ಬೇರೆ ಹತ್ತು ಪೊಟ್ಟಣ ಕಟ್ಟುತ್ತ.

ಮೂರನೆಯ ಸಾಲು, ಏಳನೆಯ ಗೇರುಮರ.
ಯಾರಿಗೂ ಹೇಳಿಲ್ಲ.
ಬಿಳಿ ಹಲ್ಲು ಕಪ್ಪಾಗಿ ಗಟ್ಟಿಯಾಗಲು ಹತ್ತು ದಿನವೋ ಹನ್ನೆರಡೋ.
ಇತ್ತ ಸೇಲಾನ ಮೇಲಿನ ಹಲ್ಲು ಅಲ್ಲಾಡುತ್ತಿದೆ,
ಮಾತು ಮಾತಿಗೂ ನಾಲಿಗೆಯಿಂದ ತಳ್ಳಿ ನೋಡುತ್ತಾನೆ.
ಯಾವುದು ಮೊದಲೋ.