ಹತ್ತನೆಯ ಅಂಚು

ಕುರ್ಲಾದ ಪೈಪ್ ರೋಡಿನಲ್ಲಿ, ಎರಡು ಗ್ಯಾರೇಜುಗಳ ನಡುವೆ
ನನ್ನ ತಗಡಿನ ಅಂಗಡಿ. ಆರಡಿ ಅಗಲ, ಒಂಬತ್ತಡಿ ಉದ್ದ.
ಬಾಡಿಗೆ ಪಾದಕ್ಕೆ ಮಾತ್ರ; ಎತ್ತರ ಪುಕ್ಕಟೆ.
ಅದಕ್ಕೇ ಪೋಟಮಾಳಾ ಕಟ್ಟಿ ಮೇಲೆ ಮಲಗುತ್ತೇನೆ,
ಮೂಗಿಗೂ ಪತ್ರಾಕ್ಕೂ ಒಂದೇ ಗೇಣು.

ಮಳೆ ಬಿಟ್ಟ ಶನಿವಾರ ಕಸ್ತೂರಿ ಬಂದಳು,
ಎಂಟನೇ ಇಯತ್ತೆ, ಮುನ್ಸಿಪಾಲಿಟಿಯ ಕನ್ನಡ ಶಾಲೆ.
"ಕಾಕಾ, ಘನಾಕೃತಿ ಮಾಡಿಕೊಡ್ರಿ, ಸೋಮವಾರಕ್ಕ.
ರಟ್ಟಿನವು ಬ್ಯಾಡಂತ, ನೀರು ಹಾಕಿ ಅಳೀಬೇಕಂತ."

ಹದಿನೈದು ಕಿಲೋ ಎಣ್ಣೆ ಡಬ್ಬಿ ಒಡೆದು ಬಿಚ್ಚಿದೆ.
ಬಿಚ್ಚಿದರೆ ಎಲ್ಲ ಡಬ್ಬಿಯೂ ಹಾಳೆಯೇ.
ಗೆರೆ ಕೊರೆದು, ಮಣಿಸಿ, ಸುತ್ತಿಗೆಯಿಂದ ನೇವರಿಸಿದೆ.
ಮೇಲಿನ ಶೇಂಗಾಕಾಯಿಯ ಚಿತ್ರ ಮಡಿಕೆಗೆ ಸಿಕ್ಕಿ
ಒಂದು ಬೀಜ ಈ ಮುಖಕ್ಕೆ, ಇನ್ನೊಂದು ಆ ಮುಖಕ್ಕೆ.
ತ್ರಿಕೋನ ಪಟ್ಟಕ ಎದ್ದು ಕೂತಿತು.

ಬೆರಳಿಟ್ಟು ಎಣಿಸಿದಳು:
ಮುಖ ಐದು. ಮೂಲೆ ಆರು. ಅಂಚು...
ತಡೆದಳು. ಮತ್ತೆ ಮೊದಲಿಂದ.
"ಒಂಬತ್ತಿರಬೇಕು ಕಾಕಾ, ಹತ್ತು ಬರಾಕತ್ತಾವ."

ಬೆರಳು ನಿಂತದ್ದು ಬೆಸುಗೆಯ ಮೇಲೆ.
ಮೂಲೆಯಲ್ಲಿ ಕೂಡಿಸಿದರೆ ಸೋರುತ್ತದೆಂದು
ಮುಖದ ನಟ್ಟನಡುವೆ ತಂದಿದ್ದೆ,
ತಗಡು ತನ್ನ ಕೊನೆಯನ್ನು ತಾನೇ ಕಚ್ಚಿಹಿಡಿದ ಗೆರೆ.
"ಅದನ್ನ ಎಣಿಸಬ್ಯಾಡ," ಅಂದೆ.
ಇಪ್ಪತ್ತಾರು ವರ್ಷ ನಾನು ಮಾಡಿದ್ದೆಲ್ಲ ಅದನ್ನೇ,
ಬೇರೇನು ಮಾಡಿದ್ದೇನೆ?

ಗೋಳ ನನ್ನಿಂದಾಗಲಿಲ್ಲ.
ಹಾಳೆಗೂ ಗೋಳಕ್ಕೂ ಹುಟ್ಟಾ ವೈರ.
ಚಾಳಿನ ಹಳೇ ಟಾಕಿಯ ತೇಲುಚೆಂಡು ಬಿಚ್ಚಿಕೊಟ್ಟೆ,
ತಾಮ್ರದ್ದು, ಒಂದು ಕಡೆ ತಗ್ಗು.
"ತಗ್ಗು ಕೆಳಗ ಮಾಡಿ ಇಡವ್ವ."

ಸಿಲಿಂಡರು ಸಲೀಸು:
ಆಯತದ ತಗಡು, ಕೊಳವೆಯ ಮೇಲೆ ಎರಡು ಉರುಳು.
ಶಂಕುವನ್ನು ಅವಳ ಪುಸ್ತಕದ ಚಿತ್ರದ ಮೇಲೇ ಕತ್ತರಿಸಿದೆ,
ಅಷ್ಟೇ ಬಾಯಿ, ಅಷ್ಟೇ ಎತ್ತರ.

ಡ್ರಮ್ಮಿನಿಂದ ನೀರು ತಂದಳು.
ಒಂದು ಶಂಕು. ಎರಡು. ಮೂರು.
ಸಿಲಿಂಡರು ತುಂಬಿ ಕಂಠಕ್ಕೆ ಬರಬೇಕಿತ್ತು;
ಒಂದು ಬೆರಳು ಕಡಿಮೆ.

ಬಗ್ಗಿ ನೋಡಿದಳು. ನೆಲ ಮುಟ್ಟಿ ನೋಡಿದಳು, ಒಣಗಿತ್ತು.
"ಪುಸ್ತಕ ತಪ್ಪೇನು ಕಾಕಾ?"

ಪುಸ್ತಕ ತಪ್ಪಲ್ಲ.
ಅಲ್ಲಿ ಗೆರೆಗೆ ಗೆರೆ ಮುಟ್ಟಿದರೆ ಕೂಡಿತು;
ಇಲ್ಲಿ ಕೂಡಬೇಕೆಂದರೆ ಒಂದರ ಮೇಲೊಂದು ಏರಬೇಕು,
ಕಾಲಿಂಚು ಒಳಗೆ ಹೋಗಬೇಕು.
ಸಿಲಿಂಡರಿಗೆ ಬಿಟ್ಟಿದ್ದೆ, ಕೈ ರೂಢಿ.
ಶಂಕುವಿಗೆ ಮರೆತಿದ್ದೆ, ಚಿತ್ರ ನೋಡುತ್ತಾ.

ಇದನ್ನೆಲ್ಲ ಹೇಳಲು ಬರಲಿಲ್ಲ.
"ಆ ಬೆರಳಷ್ಟು ನೀರು ಮಡಿಕಿ ಒಳಗದ," ಅಂದುಬಿಟ್ಟೆ.

ಅವಳು ಶಂಕುವಿನ ಬಾಯಿಗೆ ಒಂದು ಕಣ್ಣು ಹಚ್ಚಿ
ತುದಿಯವರೆಗೂ ನೋಡುತ್ತಾ ನಿಂತಳು.
ಹೊರಗೆ ಬೆಸ್ಟ್ ಬಸ್ಸು ಹೋಯಿತು,
ಸಿಲಿಂಡರಿನ ನೀರು ನಡುಗಿತು.