ಸ್ಕೇಲು

ಗಂಗೊಳ್ಳಿಯ ಲಾರಿ ಹುಲಿಕಲ್ ಘಾಟಿ ಹತ್ತಿ
ರಿಪ್ಪನ್‌ಪೇಟೆ ಮುಟ್ಟುವಾಗ ಏಳೂವರೆ.
ಹಿಂಬಾಗಿಲಿಂದ ಸೋರುತ್ತ ಬಂದ ಐಸಿನ ನೀರು
ರಸ್ತೆಯುದ್ದಕ್ಕೂ ಗೆರೆ ಎಳೆದಿರುತ್ತದೆ:
ನಮ್ಮೂರಿಗೆ ಬರುವ ಕಡಲು ಅಷ್ಟೇ.

ಇವತ್ತಿನ ಬುಟ್ಟಿಯಲ್ಲಿ ಬಂಗುಡೆ, ಬೆರಳುದ್ದ.
ಪ್ರಣಮ್ಯ, ಒಂಬತ್ತನೇ ಕ್ಲಾಸು, ಯೂನಿಫಾರ್ಮಿನಲ್ಲೇ ಬಗ್ಗಿ
ಕಂಪಾಸ್ ಬಾಕ್ಸಿನಿಂದ ಸ್ಕೇಲು ತೆಗೆದು
ಒಂದನ್ನು ಮಲಗಿಸಿ ಅಳೆದಳು.
ಹನ್ನೊಂದು. ಇನ್ನೊಂದು, ಹತ್ತೂವರೆ.
"ಹದಿನಾಲ್ಕಾದರೂ ಇರಬೇಕಮ್ಮ. ಇವು ಮೊಟ್ಟೆಯನ್ನೇ ಇಟ್ಟಿಲ್ಲ.
ವಾಪಸ್ ಕಳಿಸು."

ವಾಪಸ್ ಎಲ್ಲಿಗೆ?
ಸತ್ತ ಮೀನು ಘಾಟಿ ಇಳಿಯುವುದಿಲ್ಲ.
ಪೋಸ್ಟಾಫೀಸಿನವರು ಚೀಲ ಬಿಡಿಸಿಕೊಂಡು ನಿಂತಿದ್ದಾರೆ,
"ಸಣ್ಣದೇ ಕೊಡು, ಹುರಿದರೆ ಮುಳ್ಳೂ ಸಿಕ್ಕೋದಿಲ್ಲ."

ನಮ್ಮತ್ತೆ ಚಂದು ಐಸು ಪೆಟ್ಟಿಗೆಯ ಮೇಲೆ ಕೂತು ನಕ್ಕರು.
"ಕಡಲಿಗೆ ಬರ ಉಂಟಾ ಹೆಣೆ?
ನಾನ್ ನಿನ್ನಷ್ಟ್ ಇಪ್ಪೊತ್ತಿಗೆ ಬೈಗೆ ತಿಂದ್ ಮುಗೀದೆ
ತೆಂಗಿನ್ ಮರದ್ ಬುಡಕ್ಕೆ ಗೊಬ್ರ ಹಾಕ್ತಿದ್ರ್."

"ಅದಕ್ಕೇ ಈಗ ಇಲ್ಲ," ಎಂದಳು ಹುಡುಗಿ.

ಇಬ್ಬರೂ ನನ್ನ ಮುಖ ನೋಡಿದರು.
ನಾನು ತೂಕದ ಬಟ್ಟು ನೋಡಿದೆ.
ನಾನು ಹಿನ್ನೀರಿನ ಕಡೆಯವಳು. ನನ್ನ ಪಾಲಿಗೆ ನೀರೆಂದರೆ
ಯಾರೋ ಗೇಟು ಎತ್ತಿದರೆ ಹೋಗುವುದು,
ಇಳಿಸಿದರೆ ನಿಲ್ಲುವುದು.

ಎಂಟೂವರೆಗೆ ಶಾಲೆಯ ಬಸ್ಸು ಹೋಯಿತು.
ಎಂಟು ಮೂವತ್ತೈದಕ್ಕೆ ಅಷ್ಟನ್ನೂ ಮಾರಿದೆ.
ಆ ದುಡ್ಡಲ್ಲೇ ಅವಳು ಕೇಳಿದ್ದ ಡ್ರಾಯಿಂಗ್ ಶೀಟು,
ನೀಲಿ ಸ್ಕೆಚ್ ಪೆನ್ನು ಎರಡು.

ರಾತ್ರಿ, ಶೀಟಿನ ಮೇಲೆ ಬೋರಲು ಮಲಗಿ ಕೇಳಿದಳು:
"ಅಜ್ಜಿ, ಮಳೆಗಾಲದಲ್ಲಿ ನಿಮ್ಮಪ್ಪ ದೋಣಿ ಇಳಿಸ್ತಿರಲಿಲ್ಲ ಅಂದಿದ್ರಲ್ಲ,
ಮೀನು ಮರಿ ಮಾಡಲಿ ಅಂತ ತಾನೇ?"

ಅತ್ತೆ ಎಲೆಗೆ ಸುಣ್ಣ ಸವರುತ್ತಿದ್ದರು. ಸವರಿ ಮುಗಿಸಿದರು.
"ಉಳ್ಸುಕಲ್ಲ ಹೆಣೆ. ಹೆದ್ರಿ ಕೂತದ್ದ್."

ಪೆನ್ನು ನಿಂತಿತು.
'ನಮ್ಮ ಹಿರಿಯರು ಕಡಲನ್ನು'
ಅಲ್ಲಿಯವರೆಗೆ ಬರೆದಿದ್ದಳು, ಗುಂಡಗೆ.

ಎಷ್ಟೋ ಹೊತ್ತಿನ ಮೇಲೆ ಅತ್ತೆ
ಸ್ಕೇಲು ಎತ್ತಿ ಮೂಸಿ ನೋಡಿ, ಮುಖ ಸಿಂಡರಿಸಿ,
ತಮ್ಮ ಅಂಗೈಯ ಮೇಲೆ ಇಟ್ಟುಕೊಂಡರು.
"ಆಗಿನ್ ಬಂಗುಡೆ," ಎಂದು
ಬೆರಳ ತುದಿಯಿಂದ ಬಳೆ ದಾಟಿ ಗೆರೆ ಎಳೆದು ತೋರಿಸಿದರು,
ಸುಣ್ಣದ ಬೆರಳಲ್ಲಿ.

ಸ್ಕೇಲು ಬಳೆಯವರೆಗೂ ಬರಲಿಲ್ಲ.
ಮಗಳು ಅದನ್ನು ಜರುಗಿಸಿ, ಮತ್ತೆ ಜರುಗಿಸಿ
ಉಳಿದದ್ದನ್ನು ಅಳೆಯುತ್ತಿದ್ದಳು,
ನಾನು ದೀಪ ಆರಿಸಲು ಎದ್ದಾಗಲೂ.